ದಪ್ಪ ರೇಡಿಯೋಗೆ ಆರು ಶೆಲ್ಲು

ತೊಟ್ಟು ಮುರಿದ ಬಾದಾಮಿ ಮಾವಿನಕಾಯಿಗಳನ್ನು ಗಂಗರತ್ನಮ್ಮ ಒಂದೊಂದಾಗಿ ಗೋಣಿಯ ಮೇಲೆ ಬೋರಲು ಹಾಕುತ್ತಿದ್ದಳು. ಸೊನೆ ಪೂರ್ತಿ ಇಳಿಯುವ ಮೊದಲೇ ಡಬ್ಬಕ್ಕೆ ತುಂಬಿದರೆ ಸಿಪ್ಪೆಯ ಮೇಲೆ ಕಪ್ಪು ಕಲೆ ನಿಂತುಬಿಡುತ್ತದೆ. ಮಂಡಿಗೆ ಹೋಗುವ ಕಾಯಾಗಿದ್ದರೆ ಆಳುಗಳಿಗೇ ಬಿಡುತ್ತಿದ್ದಳು. ಈ ಡಬ್ಬ ಹೋಗಬೇಕಾಗಿದ್ದದ್ದು ಹೆಸರು ಗೊತ್ತಿಲ್ಲದ, ಮುಖ ಕಾಣದ ಯಾರೋ ಒಬ್ಬರಿಗೆ. ಮೂರು ವಾರದ ಹಿಂದೆ ಮಗಳು ಅರ್ಪಿತ ಒಬ್ಬಳೇ ಹಾರಿಸಿಕೊಂಡು ಬರುತ್ತಿದ್ದ ವಿಮಾನದ ರೇಡಿಯೋ ಆಕಾಶದಲ್ಲೇ ಮೂಕವಾದಾಗ, ವಿಮಾನ ನಿಲ್ದಾಣದ ಟವರಿನಿಂದ ಹಸಿರು ದೀಪ ತೋರಿಸಿ ಅವಳನ್ನು ಇಳಿಸಿಕೊಂಡವರಿಗೆ.

"ಯಾರು ಅಂತ ಕೇಳ್ಕೊಂಡು ಬರಬಾರದಾಗಿತ್ತೇನೇ?" ಎಂದು ಮಗಳು ಊರಿಗೆ ಬಂದ ದಿನವೇ ಕೇಳಿದ್ದಳು.

"ಅಲ್ಲಿ ಶಿಫ್ಟು ಬದಲಾಗ್ತಾ ಇರುತ್ತಮ್ಮ. ಫೋನ್ ಮಾಡಿ ಥ್ಯಾಂಕ್ಸ್ ಹೇಳ್ದೆ. ಅದು ನಮ್ಮ ಕೆಲಸ ಅಲ್ವಾ ಅಂದು ಇಟ್ಬಿಟ್ರು."

ಜಗಲಿಯ ಮೇಲೆ ಕೂತಿದ್ದ ಅತ್ತೆ ಮುನಿಗಂಗಮ್ಮ ಅದಕ್ಕೂ ದಾರಿ ಹೇಳಿದ್ದರು. "ಅಲ್ಲಿರೋರಿಗೆಲ್ಲಾ ಕೊಟ್ಬಿಡು ಅಮ್ಮಣ್ಣಿ. ತಿಂದೋರಲ್ಲಿ ಅವರೂ ಒಬ್ರಿರ್ತಾರೆ."

ಅರ್ಪಿತಳಿಗೆ ಇಪ್ಪತ್ತೆರಡು. ಬೆಂಗಳೂರಿನಾಚೆಯ ಹಾರಾಟ ಶಾಲೆಗೆ ಸೇರಿ ಒಂದೂವರೆ ವರ್ಷವಾಗಿತ್ತು. ಗೌನಿಪಲ್ಲಿಯ ಮಾವಿನ ತೋಪಿನ ಮನೆಗೆ ಈ ಸಲ ನಾಲ್ಕು ದಿನದ ರಜೆಯಲ್ಲಿ ಬಂದವಳು ಚೀಲದಲ್ಲಿ ಎರಡು ಕೈ ರೇಡಿಯೋ ತಂದಿದ್ದಳು. ವಿಮಾನದ ರೇಡಿಯೋ ಕೈಕೊಟ್ಟರೆ ಟವರಿನೊಂದಿಗೆ ಮಾತಾಡಲು ಜೊತೆಗಿರಬೇಕಾದ ಸಾಧನ. ಎರಡೂ ಅವಳ ಬೋಧಕಿಯವರವು. ಇಟ್ಟುಕೊಂಡು ನೋಡು, ಯಾವುದು ಕೈಗೆ ಹೊಂದುತ್ತದೋ ಅಂಥದ್ದನ್ನೇ ಕೊಂಡುಕೋ, ಪರವಾನಗಿ ಶಾಲೆಯಿಂದ ಮಾಡಿಸೋಣ ಎಂದು ಕೊಟ್ಟು ಕಳಿಸಿದ್ದರು. ಬರುವ ಗುರುವಾರ ಅವಳು ಮತ್ತೆ ಒಬ್ಬಳೇ ದೂರ ಹಾರಬೇಕಿತ್ತು.

ಒಂದು ಸಣ್ಣದು, ಬಣ್ಣದ ಪರದೆಯದು, ತಾನು ಎಲ್ಲಿದ್ದೇನೆ ಎಂದು ನಕ್ಷೆಯಲ್ಲಿ ತೋರಿಸುವಂಥದು. ಇನ್ನೊಂದು ದಪ್ಪ, ಹಳೇ ಕಾಲದ ಟಾರ್ಚಿನ ಹಾಗೆ ಭಾರ, ಪರದೆಯಲ್ಲಿ ಬರೀ ಅಂಕಿ. ಮುನಿಗಂಗಮ್ಮ ಇಬ್ಬರು ಮೊಮ್ಮಕ್ಕಳಿಗೆ ಇಡುವ ಹಾಗೆ ತಮ್ಮ ತೆಲುಗಿನಲ್ಲೇ ಹೆಸರಿಟ್ಟುಬಿಟ್ಟರು. ಸಣ್ಣದು ಸನ್ನೋಡು. ದಪ್ಪದ್ದು ಲಾವೋಡು.

"ಲಾವೋಡು ಯಾಕೋ ನಿಮ್ಮ ತಾತನ ಥರಾನೇ ಇದ್ದಾನೆ ಕಣೇ. ನೋಡೋಕೆ ಚೆನ್ನಾಗಿಲ್ಲ."

"ತಾತ ಕೆಲಸ ಮಾಡ್ತಿದ್ರಾ ಅವ್ವ?"

"ಎಬ್ಬಿಸಿದ್ರೆ ಮಾಡ್ತಿದ್ದ."

ಶುಕ್ರವಾರ ಸಂಜೆ ಅರ್ಪಿತ ಅಮ್ಮನನ್ನು ಮಾಳಿಗೆಗೆ ಕರೆದುಕೊಂಡು ಹೋಗಿದ್ದಳು. "ಇಲ್ಲಿ ಬರೀ ಕೇಳ್ಬಹುದು. ಮಾತಾಡೋ ಗುಂಡಿ ಮಾತ್ರ ಒತ್ತಂಗಿಲ್ಲ" ಎಂದು ಮೊದಲೇ ಎಚ್ಚರಿಸಿ, ಕಣ್ಣು ಮುಚ್ಚಿಕೊಂಡು ಪರೀಕ್ಷೆಗೆ ಕೂತಳು. ಎಡಗೈ ವಿಮಾನ ಹಿಡಿದಿದೆ ಎಂದುಕೊಂಡು ಮುಂದಕ್ಕೆ ಚಾಚಿ, ಬಲಗೈ ಒಂದರಲ್ಲೇ ರೇಡಿಯೋವನ್ನು ಟವರಿನ ಅಂಕಿಗೆ ತಿರುಗಿಸಬೇಕು. ಸರಿಯಾಯಿತೋ ಇಲ್ಲವೋ ಅಮ್ಮ ನೋಡಿ ಹೇಳಬೇಕು. ದಪ್ಪದ್ದರಲ್ಲಿ ತಿರುಗಣೆ ಟಕ್ ಟಕ್ ಎಂದು ಬೆರಳಿಗೆ ಲೆಕ್ಕ ಕೊಡುತ್ತಿತ್ತು. ಸಣ್ಣದರಲ್ಲಿ ಒತ್ತು ಗುಂಡಿಗಳು, ಎರಡು ಸಲ ತಪ್ಪಿದಳು. ಆದರೂ ಸಣ್ಣದನ್ನೇ ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದಳು. ಅದರ ಬಣ್ಣದ ನಕ್ಷೆ ಅವಳ ಮನಸ್ಸು ಹಿಡಿದಿತ್ತು.

ಆಗಲೇ ರೇಡಿಯೋದಲ್ಲಿ ಒಂದು ಹೆಣ್ಣು ದನಿ ಕೇಳಿಸಿತು. ಎತ್ತರದಲ್ಲಿ ಹೋಗುತ್ತಿದ್ದ ಯಾವುದೋ ದೊಡ್ಡ ವಿಮಾನದ್ದು. ಇಂಗ್ಲಿಷಿನಲ್ಲಿ ನಾಲ್ಕೇ ಮಾತು, ತರಕಾರಿ ಬೆಲೆ ಕೇಳುವಷ್ಟು ಸಮಾಧಾನದಲ್ಲಿ. ಗಂಗರತ್ನಮ್ಮನಿಗೆ ಒಂದೂ ಅರ್ಥವಾಗಲಿಲ್ಲ. ಆ ಸಮಾಧಾನ ಮಾತ್ರ ಅರ್ಥವಾಯಿತು. ಆ ಹೆಣ್ಣಿಗೂ ಎಲ್ಲೋ ಒಬ್ಬ ತಾಯಿ ಇರುತ್ತಾಳೆ ಎಂದುಕೊಂಡಳು.

ಅವತ್ತೇ ಗಂಡ ಉದಯಕುಮಾರ್ ವೇಮಗಲ್ಲಿನಿಂದ ಬಂದಿದ್ದ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಾನೆ. ವಾರವೆಲ್ಲ ಅಲ್ಲೇ, ವಾರದ ಕೊನೆಗೆ ಊರು. ಕೈಕಾಲು ತೊಳೆದು ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ:

"ಯಂತ್ರ ಅಂದ್ಮೇಲೆ ಕೆಡುತ್ತೆ ರತ್ನ. ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೆಳಗಡೆ ಆದ್ರೆ ನಿಲ್ಸಿ ರಿಪೇರಿ ಮಾಡ್ತೀನಿ. ನೀನು ಒಂದು ಮಾತು ಹೇಳು. ನಾನು ಹೇಳಿದ್ರೆ ಜಗಳಕ್ಕೆ ಬರ್ತಾಳೆ. ನೀನು ಹಾರೋದು ಬಿಡು ಅಂದ್ರೆ ಬಿಡ್ತಾಳೆ."

ಅದು ನಿಜವಾಗಿತ್ತು. ಹತ್ತನೇ ತರಗತಿಯಲ್ಲಿ ಕಬಡ್ಡಿಯಾಡುವಾಗ ಅರ್ಪಿತಳ ಭುಜ ಜಾರಿತ್ತು. ಇನ್ನು ಬೇಡ ಬಿಡು ಎಂದು ಗಂಗರತ್ನಮ್ಮ ಒಂದೇ ಒಂದು ಸಲ ಅಂದಿದ್ದಳು. ಹುಡುಗಿ ಯಾಕೆ ಎಂದು ಕೇಳಲಿಲ್ಲ, ಅಳಲಿಲ್ಲ, ಮಾರನೆಯ ದಿನದಿಂದ ಮೈದಾನಕ್ಕೆ ಹೋಗಲಿಲ್ಲ. ಆಮೇಲೆ ಆ ಆಟದ ಹೆಸರನ್ನೂ ಎತ್ತಲಿಲ್ಲ. ತನ್ನ ಮಾತಿಗೆ ಅಷ್ಟು ಬೆಲೆ ಇರುವುದು ಒಬ್ಬ ತಾಯಿಗೆ ಹೆಮ್ಮೆಯೆನಿಸಬೇಕಿತ್ತು. ಗಂಗರತ್ನಮ್ಮನಿಗೆ ಅದರ ಭಯವೇ ಹೆಚ್ಚು.

ಈಗ ಶನಿವಾರ ಬೆಳಿಗ್ಗೆ. ಕೈಯೆಲ್ಲ ಸೊನೆಯಾಗಿ ಕೂತವಳ ಮನಸ್ಸಿನಲ್ಲಿ ಇದ್ದದ್ದು ಆ ಮಾತೇ. ಹೇಳಬೇಕು, ಸೋಮವಾರ ಅವಳು ಹೊರಡುವ ಮೊದಲು ಹೇಳಬೇಕು. ಹಸಿರು ದೀಪ ಒಂದು ಸಲ ಕಾಪಾಡಿತು. ಎಷ್ಟು ಸಲ ಅಂತ ಕಾದೀತು?

ಗೇಟಿನಾಚೆ ಉದಯಕುಮಾರ್ ಗಾಡಿ ಒದ್ದು ಶುರು ಮಾಡಿದ. ಅಪ್ಪ ಮಗಳು ಮುಳಬಾಗಿಲಿಗೆ ಹೊರಟಿದ್ದರು. ಅಲ್ಲಿ ಅವನ ಅಕ್ಕ ಭಾರತಮ್ಮನ ಮನೆಯಲ್ಲಿದ್ದು ನಾಳೆ ಬರುವುದು. ಹಿಂದೆ ಕೂತ ಅರ್ಪಿತ ತಿರುಗಿ ಕೂಗಿದಳು. ಗಾಡಿಯ ಸದ್ದಿನಲ್ಲಿ ಗಂಗರತ್ನಮ್ಮನಿಗೆ ಕೇಳಿಸಿದ್ದು ಇಷ್ಟು: "ಅಮ್ಮಾ, ಆ ಎರಡು ರೇಡಿಯೋ... ಚಾಲು... ಚೀಲದಲ್ಲಿ ಇಟ್ಬಿಡು."

"ಹ್ಞೂ" ಎಂದು ಕೈಯೆತ್ತಿದಳು.

ಕೈ ತೊಳೆದು ಒಳಗೆ ಹೋದಳು. ಎರಡೂ ಚಾರ್ಜಿಗೆ ನಿಂತಿದ್ದವು. ಕಿತ್ತು ತೆಗೆದು, ಮಾಳಿಗೆಯಲ್ಲಿ ಮಗಳು ಮಾಡಿದ್ದನ್ನು ನೆನಪಿಸಿಕೊಂಡು ಒಂದೊಂದಾಗಿ ಚಾಲು ಮಾಡಿದಳು. ಪರದೆಗಳು ಬೆಳಗಿದವು. ಸುತ್ತಲೂ ಟವಲು ಒತ್ತಿ ಚೀಲದಲ್ಲಿಟ್ಟು ಜಿಪ್ಪೆಳೆದಳು. ಏನೋ ಪರೀಕ್ಷೆಯಿರಬೇಕು ಎಂದುಕೊಂಡಳು.

ಭಾನುವಾರ ಹತ್ತೂವರೆಗೆ ಅಪ್ಪ ಮಗಳು ವಾಪಸು ಬಂದರು. ಅರ್ಪಿತ ನೀರು ಕುಡಿದು ಚೀಲ ತೆರೆದಳು. ಸಣ್ಣದರ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ದಪ್ಪದ್ದನ್ನೂ ಒತ್ತಿ ನೋಡಿದಳು.

"ಅಮ್ಮ, ಎರಡೂ ಸತ್ತಿವೆಯಲ್ಲ. ಚಾರ್ಜಿಂದ ತೆಗೆದು ಏನ್ ಮಾಡ್ದೆ?"

"ಚಾಲು ಮಾಡಿ ಇಟ್ಟೆ. ನೀನೇ ಹೇಳಿದ್ಯಲ್ಲ."

"ನಾನೆಲ್ಲಿ ಹೇಳ್ದೆ? ಚಾರ್ಜಿಂದ ತೆಗಿ, ಚಾಲು ಅಂದೆ."

ಜಗಲಿಯಿಂದ ಮುನಿಗಂಗಮ್ಮನ ನಗು ಕೇಳಿಸಿತು. ಆ ಮನೆಯ ತೆಲುಗಿನಲ್ಲಿ ಚಾಲು ಅಂದರೆ ಸಾಕು. ಗಂಗರತ್ನಮ್ಮನ ತವರು ಮಾಲೂರಿನ ಕಡೆ ಚಾಲು ಅಂದರೆ ಶುರು ಮಾಡು ಎಂದು. ಮದುವೆಯಾಗಿ ಬಂದ ಮೊದಲ ವಾರ ಅತ್ತೆ ಊಟಕ್ಕೆ ಕೂತು "ಚಾಲಮ್ಮ, ಚಾಲು" ಎಂದಷ್ಟೂ ಇವಳು ಅನ್ನ ಬಡಿಸಿದ್ದಳು. ಅದಾಗಿ ಇಪ್ಪತ್ತೈದು ವರ್ಷವಾಗಿತ್ತು. ಅತ್ತೆಯ ಬೈಗುಳದಿಂದ ಹಿಡಿದು ಎಲ್ಲ ತೆಲುಗೂ ಬಂದಿತ್ತು. ಆದರೆ ಕೈಗೆ ಕೆಲಸ ಹತ್ತಿ ಗಮನ ಎಲ್ಲೋ ಇದ್ದಾಗ ಕಿವಿ ಇನ್ನೂ ಮಾಲೂರಿಗೇ ಹೋಗುತ್ತಿತ್ತು.

"ಇಪ್ಪತ್ತೈದು ವರ್ಷ ನಮ್ಮನೆ ಅನ್ನ ತಿಂದು ಇನ್ನೂ ಚಾಲು ಬರಲಿಲ್ಲ ಇವಳಿಗೆ" ಎಂದರು ಮುನಿಗಂಗಮ್ಮ.

"ನೀವು ತಿಂದ ಅನ್ನ ಮರ್ತಿದ್ದೀರಿ ಅತ್ತೆ" ಎಂದಳೇ ಹೊರತು ಗಂಗರತ್ನಮ್ಮನ ಎದೆಯಲ್ಲಿ ನಗು ಇರಲಿಲ್ಲ. ಒಂದೇ ಒಂದು ಮಾತು ತಪ್ಪಾಗಿ ಕೇಳಿದ್ದಕ್ಕೆ ಎರಡೂ ಸತ್ತು ಮಲಗಿದ್ದವು. ಇದೇ ಮೇಲೆ ಆಗಿದ್ದರೆ? ಬಾಗಿಲಲ್ಲಿ ನಿಂತ ಗಂಡ ಅವಳನ್ನೇ ನೋಡುತ್ತಿದ್ದ. ಈಗ ಹೇಳು ಎನ್ನುವ ನೋಟ. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅರ್ಪಿತ ನೆಲದ ಮೇಲೆ ಕೂತು ಎರಡನ್ನೂ ಮುಂದಿಟ್ಟುಕೊಂಡಿದ್ದಳು. ಸಿಟ್ಟಿರಲಿಲ್ಲ. ಯೋಚಿಸುತ್ತಿದ್ದಳು.

"ಅಮ್ಮ, ಇದು ನನ್ನ ಚೀಲದಲ್ಲೂ ಆಗೋದೇ. ತಿಂಗಳುಗಟ್ಟಲೆ ಒಳಗೇ ಬಿದ್ದಿರುತ್ತೆ. ಹೆಡ್‌ಸೆಟ್ಟೋ ಪುಸ್ತಕವೋ ಗುಂಡಿ ಮೇಲೆ ಒತ್ಕೊಂಡು ಆನ್ ಆದ್ರೆ ನಂಗೆ ಗೊತ್ತೂ ಆಗಲ್ಲ. ಬೇಕಾದ ದಿನ ತೆಗೆದ್ರೆ ಹೀಗೇ ಇರುತ್ತೆ." ದಪ್ಪದ್ದರ ಜೊತೆ ಬಂದಿದ್ದ, ಇದುವರೆಗೆ ಬಿಚ್ಚಿರದ ಪೊಟ್ಟಣವನ್ನು ಹರಿದಳು. ಒಳಗೆ ಪ್ಲಾಸ್ಟಿಕ್ಕಿನ ಖಾಲಿ ಡಬ್ಬಿ, ಆರು ಶೆಲ್ಲು ಕೂರುವಷ್ಟು ಜಾಗ. "ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ, ಅದೇ ಶೆಲ್ಲು. ಗಂಗುಲಪ್ಪನ ಅಂಗಡೀಲಿ ಸಿಗುತ್ತಾ?"

ಗಂಗರತ್ನಮ್ಮ ತಾನೇ ಹೋದಳು. ಮನೆಯಲ್ಲಿ ನಿಂತಿದ್ದರೆ ಆ ಮಾತು ಹೊರಗೆ ಬಂದುಬಿಡುತ್ತಿತ್ತು.

"ಆರು ಶೆಲ್ಲಾ?" ಗಂಗುಲಪ್ಪ ಮೇಲಿನ ಹಲಗೆಗೆ ಕೈ ಚಾಚುತ್ತ ಕೇಳಿದ. "ಏನಮ್ಮ, ವಿಮಾನ ಓಡ್ಸೋಕಾ?"

"ಹ್ಞೂ ಗಂಗುಲಪ್ಪ. ವಿಮಾನಕ್ಕೇ."

ಅವನು ನಕ್ಕ. ಅವಳು ನಗದಿದ್ದದ್ದನ್ನು ನೋಡಿ, ಕೊಟ್ಟಿದ್ದ ಶೆಲ್ಲುಗಳನ್ನು ವಾಪಸು ತೆಗೆದುಕೊಂಡು, ಒಳಗೆ ಹೋಗಿ ಹೊಸ ಪೆಟ್ಟಿಗೆ ಒಡೆದು ಬೇರೆ ಆರು ತಂದ. "ಮುಂದಿದ್ದವು ಬಿಸಿಲು ತಿಂದಿವೆ. ಇವು ತಗೊಳ್ಳಿ. ನಿಮ್ಮ ಹುಡುಗೀಗೆ ನಾನು ಕೇಳಿದೆ ಅಂತ ಹೇಳಿ."

ದಾರಿಯಲ್ಲಿ ಆರು ಶೆಲ್ಲನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಬರುವಾಗ ಒಬ್ಬೊಬ್ಬರೇ ನೆನಪಾದರು. ಟವರಿನಲ್ಲಿ ಅವತ್ತು ಕಣ್ಣಿಟ್ಟು ನೋಡುತ್ತಿದ್ದವರು, ಎರಡು ರೇಡಿಯೋ ನಂಬಿಕೊಟ್ಟ ಬೋಧಕಿ, ಈಗ ಈ ಗಂಗುಲಪ್ಪ. ಇವರ್ಯಾರನ್ನೂ ಅವಳು ಬೇಡಿಕೊಂಡಿರಲಿಲ್ಲ. ಮಗಳನ್ನು ತಾನೊಬ್ಬಳೇ ಹಿಡಿದುಕೊಂಡಿದ್ದೇನೆ ಎಂದು ಇಷ್ಟು ದಿನ ತಿಳಿದಿದ್ದಳು.

ಮನೆಗೆ ಬಂದಾಗ ಅರ್ಪಿತ ಕಣ್ಣು ಮುಚ್ಚಿ ಕೂತಳು. "ನೋಡ್ದೇ ಹಾಕ್ತೀನಿ. ಎಷ್ಟು ಹೊತ್ತಾಗುತ್ತೆ ಎಣಿಸು." ಹಳೆಯ ಬ್ಯಾಟರಿ ಕಳಚಿದಳು, ಶೆಲ್ಲಿನ ಉಬ್ಬಿದ ತುದಿಯನ್ನು ಹೆಬ್ಬೆರಳಲ್ಲಿ ಸವರಿ ದಿಕ್ಕು ತಿಳಿದುಕೊಂಡಳು, ಒಂದೊಂದಾಗಿ ಕೂರಿಸಿದಳು. ಗಂಗರತ್ನಮ್ಮ ನಲವತ್ತೊಂದು ಎಣಿಸುವಷ್ಟರಲ್ಲಿ ದಪ್ಪ ರೇಡಿಯೋ ಎದ್ದು ಕೂತಿತು. ಸಣ್ಣದು ಚಾರ್ಜಿಗೆ ನಿಂತು ಇನ್ನೂ ಕೆಂಪು ದೀಪ ಮಿಟುಕಿಸುತ್ತಿತ್ತು.

"ಲಾವೋಡೇ ಸರಿ" ಎಂದರು ಮುನಿಗಂಗಮ್ಮ. "ಎಬ್ಬಿಸಿದ್ರೆ ಏಳ್ತಾನೆ ಅಂತ ನಾನು ಮೊದ್ಲೇ ಹೇಳಿರಲಿಲ್ವಾ."

"ಇಂಥದ್ದೇ ತಗೋತೀನಿ ಅವ್ವ. ಆರು ಹೊಸ ಶೆಲ್ಲು ಬೇರೆ ಪೊಟ್ಟಣದಲ್ಲಿ ಯಾವಾಗ್ಲೂ ಜೊತೇಲಿರುತ್ತೆ." ಅರ್ಪಿತ ಕಣ್ಣು ತೆರೆದು ಅಮ್ಮನ ಕಡೆ ತಿರುಗಿದಳು. "ನೀನು ತಪ್ಪು ಮಾಡ್ದೇ ಇದ್ದಿದ್ರೆ ನಾನು ಬಣ್ಣ ನೋಡಿ ಸನ್ನೋಡನ್ನೇ ತಗೋತಿದ್ದೆ ಕಣಮ್ಮ. ಥ್ಯಾಂಕ್ಸು."

ಕಬಡ್ಡಿ ಬಿಡಿಸಿದಾಗ ಈ ಹುಡುಗಿ ಹೀಗೆ ಮುಖವೆತ್ತಿ ನೋಡಿರಲಿಲ್ಲ. ಅವತ್ತು ತನ್ನ ಮಾತು ಸರಿಯಾಗಿಯೇ ಕೇಳಿಸಿತ್ತು, ಸರಿಯಾಗಿಯೇ ಪಾಲನೆಯಾಗಿತ್ತು. ಈಗ ತಾನು ಮಾಡಿದ ಎಡವಟ್ಟನ್ನು ಮಗಳು ಬಿಚ್ಚಿ, ಒಳಗಿನಿಂದ ಬೇಕಾದದ್ದನ್ನು ಎತ್ತಿಕೊಂಡು ಕೂತಿದ್ದಾಳೆ. ಕೆಟ್ಟದ್ದರ ಎದುರು ಕೂತು ಯೋಚಿಸಬಲ್ಲ ಈ ಕೈಗಳೇ ಅವತ್ತು ಆ ಮೂಕ ವಿಮಾನವನ್ನು ದೀಪ ಕಾಣುವವರೆಗೂ ಸುತ್ತಿಸಿದ್ದವು. ದೀಪ ತೋರಿಸಿದವರನ್ನು ನೆನೆಯುವ ಭರದಲ್ಲಿ ಅದನ್ನು ಕಂಡ ಮಗಳನ್ನೇ ತಾನು ಮರೆತುಬಿಟ್ಟಿದ್ದಳು.

ಊಟವಾದ ಮೇಲೆ ಉದಯಕುಮಾರ್ ಹಿತ್ತಲಿಗೆ ಬಂದ. ಗಂಗರತ್ನಮ್ಮ ಪಾತ್ರೆ ತೊಳೆಯುತ್ತಿದ್ದಳು.

"ಮಾತಾಡಿದ್ಯಾ?"

"ಹ್ಞೂ. ದಪ್ಪದ್ದೇ ತಗೋತಾಳಂತೆ."

"ನಾನು ಕೇಳಿದ್ದು ಅದಲ್ಲ."

"ಆ ಚೊಂಬು ಕೊಡಿ ಇಲ್ಲಿ."

ಅವನು ಚೊಂಬು ಕೊಟ್ಟು ಒಳಗೆ ಹೋದ. ಗಂಗರತ್ನಮ್ಮ ನೀರು ಬಿಟ್ಟುಕೊಂಡಳು. ಗುರುವಾರ ಬೆಳಿಗ್ಗೆ ಏಳಕ್ಕೆ ಮಗಳು ಹಾರುತ್ತಾಳೆ. ಆ ಹೊತ್ತಿಗೆ ತಾನು ಶ್ರೀನಿವಾಸಪುರದ ಮಂಡಿಯಲ್ಲಿರಬೇಕು, ಎಲ್ಲ ವಾರದ ಹಾಗೆ ಕಾಯಿ ತೂಗಿಸುತ್ತ. ಬಿಡು ಎನ್ನುವ ಮಾತನ್ನು ಇನ್ನು ಯಾವತ್ತೂ ಆಡುವುದಿಲ್ಲ, ಅದು ತನ್ನ ಹತ್ತಿರ ಇತ್ತೆಂಬುದೂ ಮಗಳಿಗೆ ತಿಳಿಯಬೇಕಿಲ್ಲ ಎಂದುಕೊಂಡು, ಮುಂದಿನ ತಟ್ಟೆಯನ್ನು ಕೈಗೆತ್ತಿಕೊಂಡಳು.