ಚರ್ಚಿನ ಮೆಟ್ಟಿಲಿಗೆ ಬಂದ ಹಣ

ಮತಗಟ್ಟೆಗಳಲ್ಲಿ ಗಾಲಿಕುರ್ಚಿಗೆ ಇಳಿಜಾರು ಮಾಡಿಸಲು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದಿಂದ ರಾಜ್ಯದ ಮೂಲಕ ಹಣ ಬಂದಿತ್ತು. ಅಮೆರಿಕದ ನೆಬ್ರಾಸ್ಕ ರಾಜ್ಯದ ನಮ್ಮ ಪುಟ್ಟ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಚುನಾವಣೆ ನಡೆಸುವ ಆರ್ಡಿತ್ ಹಣದ ಜೊತೆ ಬಂದ ಪತ್ರವನ್ನು ಮೂರು ಸಲ ಓದಿದಳು. ನಮ್ಮ ಮತಗಟ್ಟೆ ಇರುವುದು ಚರ್ಚಿನಲ್ಲಿ; ಸರ್ಕಾರದ ದುಡ್ಡು ಧರ್ಮಸಂಸ್ಥೆಗೆ ಹೋಗಬಾರದೆಂಬ ಕಟ್ಟು ನಮ್ಮಲ್ಲಿದೆ. ಚರ್ಚಿನ ಮೆಟ್ಟಿಲಿಗೆ ಸರ್ಕಾರದ ದುಡ್ಡಲ್ಲಿ ಸಿಮೆಂಟು ಹಾಕಿಸಬಹುದೇ ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ರಾಜ್ಯದ ಕಚೇರಿಗೆ ಫೋನ್ ಮಾಡಿದಳು. “ವಾಷಿಂಗ್ಟನ್ನಿನವರನ್ನೇ ಕೇಳಿ ಮೇಡಂ,” ಎಂದರು. ವಾಷಿಂಗ್ಟನ್ನಿನವರು, “ಅದು ನಿಮ್ ರಾಜ್ಯಕ್ಕೆ ಬಿಟ್ಟಿದ್ದು,” ಎಂದರು.

ಯಾರ ಮಾತು ಹಿಡಿಯಬೇಕೋ ತಿಳಿಯದೆ ಅವಳು ಆ ಹಣದಲ್ಲಿ ಮಡಚಿಡುವಂಥ ಅಲ್ಯೂಮಿನಿಯಂ ಇಳಿಜಾರು ಹಲಗೆ ತರಿಸಿದಳು; ಮತದಾನ ಮುಗಿದ ಮೇಲೆ ಎತ್ತಿಟ್ಟರೆ ಚರ್ಚಿಗೆ ಏನೂ ಕೊಟ್ಟಂತಾಗದು. ಮೆಟ್ಟಿಲು ಹತ್ತಲಾಗದೆ ಹನ್ನೆರಡು ವರ್ಷ ಹೊರಗೆ ಕಾರಿನಲ್ಲೇ ಕೂತು ಮತ ಹಾಕಿದ್ದ ವಯಸ್ಸಾದ ವರ್ಲಿನ್ ಆ ನವೆಂಬರಿನ ಚುನಾವಣೆಯಲ್ಲಿ ಗಾಲಿಕುರ್ಚಿಯಲ್ಲಿ ಒಳಗೆ ಬಂದರು.

“ಇದಕ್ಕೆ ಒಪ್ಪಿಗೆ ಸಿಕ್ತೇನಮ್ಮಾ?”

“ನಂಗೂ ಗೊತ್ತಿಲ್ಲ. ನೀವು ಮೊದ್ಲು ಓಟು ಹಾಕಿ.”

ಅವರು ಹಾಕಿದರು. ಆರ್ಡಿತ್‌ಗೆ ಎರಡೂ ಕಚೇರಿಯಿಂದ ಸರಿಯಾದ ಉತ್ತರ ಇನ್ನೂ ಬಂದಿಲ್ಲ.