ಎಡಗೈ ಆಸರೆ

ನೈವಾಶಾ ಸರೋವರದ ದಂಡೆಯ ಆ ಗುಲಾಬಿ ತೋಟದಲ್ಲಿ ದಿನದ ಕೆಲಸ ಆರಂಭವಾಗುತ್ತಿದ್ದುದು ಕೈಕುಲುಕುವುದರಿಂದ. ಪ್ಯಾಕಿಂಗ್ ಶೆಡ್ಡಿನ ಬಾಗಿಲಲ್ಲಿ ಮೇಲ್ವಿಚಾರಕಿ ನಾಲಿಯಾಕಾ ನಿಂತಿರುತ್ತಿದ್ದಳು. ಒಳಹೋಗುವ ಪ್ರತಿ ಹೆಂಗಸೂ ಅವಳ ಕೈ ಹಿಡಿದು, ಮನೆಮಂದಿಯ ಕ್ಷೇಮ ಹೇಳಿಯೇ ಮುಂದೆ ಹೋಗಬೇಕು. ಕೈ ಕೊಡದೆ ನುಸುಳಿದರೆ ಜಗಳಕ್ಕೆ ಕರೆದಂತೆ.

ಹೂ ಕತ್ತರಿಸುವ ಕೆಮುಂಟೊ ಮಾತ್ರ ಬಲಗೈ ಚಾಚುವಾಗ ಎಡಗೈಯಿಂದ ಆ ಮುಂಗೈಯನ್ನು ಹಿಡಿದಿರುತ್ತಿದ್ದಳು. ಅತ್ತೆಗೆ, ಪಾದ್ರಿಗೆ, ವಯಸ್ಸಾದವರಿಗೆ ಹಾಗೆ ಕೈ ಕೊಡುವುದು ಮರ್ಯಾದೆ.

ಮಗಳು ಮೊರಾ ಹುಟ್ಟಿದಂದಿನಿಂದ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಮಾಮಾ ಮೊರಾ, ಅಂದರೆ ಮೊರಾಳ ಅಮ್ಮ, ಎಂದೇ. "ಏನೇ ಮಾಮಾ ಮೊರಾ, ದಿನಾ ಬೀಗಿತಿ ಥರ ಕೈ ಕೊಡ್ತೀಯ? ನನ್ನ ಮಗನ ಮೇಲೆ ಕಣ್ಣಾ?" ಎಂದು ನಾಲಿಯಾಕಾ ರೇಗಿಸುವಳು.

"ನಿಮ್ಮ ಮಗ ಮೊದ್ಲು ಮೂಗು ಒರೆಸ್ಕೊಳ್ಳೋದು ಕಲೀಲಿ ಅಕ್ಕ, ಆಮೇಲೆ ನೋಡೋಣ."

ಸಾಲು ಪೂರ್ತಿ ನಗುತ್ತಿತ್ತು.

ಫೆಬ್ರವರಿಯಲ್ಲಿ ಪ್ರೇಮಿಗಳ ದಿನದ ಹೂವಿಗೆ ಬೇಡಿಕೆ ಏರಿತು. ಒಂಬತ್ತು ವರ್ಷ ಗುಲಾಬಿಯ ಕಾಂಡ ಕತ್ತರಿಸಿದ್ದ ಕೆಮುಂಟೊಳ ಕೈಯಲ್ಲಿ ಒಂದು ದಿನ ಕತ್ತರಿ ಮುಚ್ಚಿಕೊಳ್ಳಲೇ ಇಲ್ಲ. ಕಟ್ಟಿದ ಹೂಗೊಂಚಲು ನೆಲಕ್ಕೆ ಬಿತ್ತು. ಮರುದಿನ ಮತ್ತೆ ಬಿತ್ತು. ಮೂರನೆಯ ದಿನ ಅವಳನ್ನು ಕೆಲಸದಿಂದ ತೆಗೆದು ಮನೆಗೆ ಕಳುಹಿಸಿದರು. ಕೈ ಕೆಟ್ಟದ್ದು ತೋಟದ ಕೆಲಸದಿಂದ ಎಂದು ಅವಳು ಕಾರ್ಮಿಕ ಕಚೇರಿಗೆ ದೂರು ಕೊಟ್ಟಳು.

ವಿಚಾರಣೆಯ ಹಿಂದಿನ ಸಂಜೆ ವ್ಯವಸ್ಥಾಪಕ ಕಿರುಬಿ ನಾಲಿಯಾಕಾಳನ್ನು ಕರೆಸಿದ. "ಮನೇಲಿ ಬಟ್ಟೆ ಒಗ್ದು, ಪಾತ್ರೆ ತಿಕ್ಕಿ ಕೈ ಹಾಳಾದ್ರೆ ಅದಕ್ಕೂ ತೋಟವೇ ಹೊಣೆಯಾ? ಇವಳಿಗೆ ಪರಿಹಾರ ಕೊಟ್ರೆ ನಾಳೆ ಶೆಡ್ಡೇ ಕೈ ತೋರಿಸ್ಕೊಂಡು ಬರುತ್ತೆ. ತೋಟ ಮುಚ್ಚಿದ್ರೆ ಇವರಿಗೆಲ್ಲ ಊಟ ನಾನು ಹಾಕ್ಲಾ, ನೀನು ಹಾಕ್ತೀಯಾ?"

ನಾಲಿಯಾಕಾ ಮೇಜಿನ ಮೇಲಿದ್ದ ದೂರಿನ ಪ್ರತಿಯನ್ನು ನೋಡಿದಳು.

"ಸುಳ್ಳು ಹೇಳು ಅಂತಿಲ್ಲ. ಕೈ ನೋವು ಅಂತ ಯಾವತ್ತಾದ್ರೂ ನಿನ್ನ ಹತ್ರ ಹೇಳಿದ್ಲಾ?"

"ಇಲ್ಲ ಸರ್."

"ಅಷ್ಟನ್ನೇ ನಾಳೆ ಹೇಳು. ಶೆಡ್ಡಿನ ಮುಖ್ಯಸ್ಥೆ ಆಗೋಕೆ ನಿನ್ನ ಹೆಸರೇ ಕಳಿಸಿದ್ದೀನಿ."

ಕೆಮುಂಟೊ ನೋವಿನ ಮಾತೆತ್ತಿರಲಿಲ್ಲ ಎಂಬುದು ನಿಜವೇ ಆಗಿತ್ತು. ಆದರೂ ನಾಲಿಯಾಕಾಳ ಕಾಲುಗಳು ಮನೆಯತ್ತ ಹೋಗದೆ ಕೆಮುಂಟೊಳ ತಗಡಿನ ಕೋಣೆಯತ್ತ ತಿರುಗಿದವು.

ಚಹಾ ಬಸಿದವಳು ಮೊರಾ. ಸದಾ ಸಣ್ಣ ಸಣ್ಣ ಜಡೆಗಳಿಂದ ತುಂಬಿರುತ್ತಿದ್ದ ಹುಡುಗಿಯ ತಲೆ ಬೋಳಾಗಿತ್ತು.

"ಇದೇನೇ ಹುಡುಗಿ, ಕೂದ್ಲು ಎಲ್ಲಿ?"

"ಸೆಕೆ ಅಂತ ನಾನೇ ಬೋಳಿಸ್ಕೊಂಡೆ ಅತ್ತೆ" ಎಂದು ಹೇಳಿ ಮೊರಾ ಹೊರಗೆ ಓಡಿದಳು.

ಕೆಮುಂಟೊ ಲೋಟವನ್ನು ಎರಡೂ ಅಂಗೈಗಳ ನಡುವೆ ಅದುಮಿ ಹಿಡಿದಿದ್ದಳು. "ಜಡೆ ಹೆಣೆಯೋಕೆ ಬೆರಳು ಕೇಳಲ್ಲ ಅಕ್ಕ. ಪಕ್ಕದ ಮನೆಯವರನ್ನ ದಿನಾ ಕಾಡಕ್ಕಾಗುತ್ತಾ? ನನಗೆ ಬೇಜಾರಾಗ್ಬಾರ್ದು ಅಂತ ಸೆಕೆ ಅಂತಾಳೆ."

"ನನ್ನ ಹತ್ರ ಒಂದ್ಸಲನಾದ್ರೂ ಹೇಳ್ಬಾರ್ದಿತ್ತಾ?"

"ಕೈ ನೋವು ಅಂದವಳನ್ನ ಸೀಸನ್‌ನಲ್ಲಿ ಯಾರು ಇಟ್ಕೋತಾರೆ? ಎಡಗೈ ಆಸರೆ ಇಲ್ದೆ ಈ ಬಲಗೈ ಮೇಲಕ್ಕೇ ಏಳ್ತಿರ್ಲಿಲ್ಲ. ನೀವು ಬೀಗಿತಿ ಅಂತ ನಗ್ತಿದ್ರಿ. ನಾನೂ ನಗ್ತಿದ್ದೆ."

ನಾಲಿಯಾಕಾಳ ಲೋಟದಲ್ಲಿ ಚಹಾ ಆರಿತು. ಅವಳು ಅದನ್ನು ಕುಡಿಯಲಿಲ್ಲ.

ಮರುದಿನ ವಿಚಾರಣೆಯಲ್ಲಿ ಕಾರ್ಮಿಕ ಅಧಿಕಾರಿ ಮ್ವಾಡಿಮೆ ಕನ್ನಡಕ ಸರಿಪಡಿಸಿಕೊಂಡು ನಾಲಿಯಾಕಾಳನ್ನು ಕೇಳಿದರು: "ಈಕೆ ನೋವಿನ ಬಗ್ಗೆ ನಿಮ್ಮ ಹತ್ರ ಹೇಳಿದ್ರಾ?"

"ಬಾಯಲ್ಲಿ ಹೇಳ್ಲಿಲ್ಲ ಸರ್."

ಕಿರುಬಿ ಕುರ್ಚಿಗೆ ಒರಗಿದ.

"ಆದ್ರೆ ದಿನಾ ಬೆಳಿಗ್ಗೆ ಆ ನೋವನ್ನ ನನ್ನ ಕೈಗೇ ಕೊಡ್ತಿದ್ಲು. ನಾನು ಮರ್ಯಾದೆ ಅಂದ್ಕೊಂಡೆ." ನಾಲಿಯಾಕಾ ಕೆಮುಂಟೊಳ ಎದುರು ಹೋಗಿ ನಿಂತು ಕೈ ಚಾಚಿದಳು. "ಮಾಮಾ ಮೊರಾ, ಕೈ ಕೊಡು. ಎಡಗೈ ಬಿಟ್ಟು."

ಕೆಮುಂಟೊ ಎಲ್ಲರ ಮುಖ ನೋಡಿದಳು. ಎಡಗೈ ಸರಿಸಿದಳು. ಬಲಗೈ ಸೊಂಟದವರೆಗೆ ಎದ್ದು, ನಡುಗಿ, ನಿಂತಿತು. ಹೆಬ್ಬೆರಳಿನ ಬುಡದ ಮಾಂಸ ಇಂಗಿ ಅಲ್ಲಿ ಗುಳಿ ಬಿದ್ದಿತ್ತು. ಅವಳ ತುಟಿ ಬಿಳಿಚಿತು, ಕೈ ಮೇಲೆ ಬರಲಿಲ್ಲ. ನಾಲಿಯಾಕಾ ಬಾಗಿ, ತನ್ನ ಮುಂಗೈಯನ್ನು ಎಡಗೈಯಿಂದ ಹಿಡಿದು, ಅತ್ತೆಯ ಕೈ ಹಿಡಿದಂತೆ ಆ ಕೈಯನ್ನು ಹಿಡಿದುಕೊಂಡಳು.

ಮ್ವಾಡಿಮೆ ಕನ್ನಡಕ ತೆಗೆದಿಟ್ಟು ವೈದ್ಯರ ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ನೋವು ತೋಟದ ಕೆಲಸದಿಂದಲೇ ಬಂದದ್ದೆಂದು ಮಧ್ಯಾಹ್ನ ತೀರ್ಮಾನವಾಯಿತು, ಪರಿಹಾರ ಸಿಗಲಿತ್ತು. ಕೈಯ ನರ ಮಾತ್ರ ಇನ್ನು ಚಿಗುರದು ಎಂದು ವೈದ್ಯರು ಮೊದಲೇ ಹೇಳಿದ್ದರು. ಮೆಟ್ಟಿಲ ಮೇಲೆ ಕಾಯುತ್ತಿದ್ದ ಮೊರಾ ಎದ್ದು ಬಂದಳು.

"ಗೆದ್ವಾ ಅಮ್ಮ?"

"ಹೂಂ."

"ಹಾಗಾದ್ರೆ ಕೂದ್ಲು ಬಿಡ್ಲಾ?"

ಕೆಮುಂಟೊ ಮಗಳ ಬೋಳುತಲೆಯನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡಳು.

ಮಾರನೆಯ ಬೆಳಿಗ್ಗೆ ನಾಲಿಯಾಕಾ ಬಾಗಿಲಲ್ಲಿ ನಿಂತಿದ್ದಳು. ಆ ಬಾಗಿಲು ಇನ್ನೆಷ್ಟು ದಿನ ತನ್ನದೋ ಅವಳಿಗೆ ತಿಳಿದಿರಲಿಲ್ಲ. ಅಂದು ಮೊದಲ ಬಾರಿಗೆ ಅವಳು ಸಾಲಿನಲ್ಲಿದ್ದವರ ಮುಖ ಬಿಟ್ಟು ಕೈಗಳನ್ನು ನೋಡಿದಳು. ಮುಂಗೈ ಹಿಡಿದ ಎಡಗೈ ಒಂದು. ಅದರ ಹಿಂದೆ ಇನ್ನೊಂದು. ತುಸು ಆಚೆ ಮತ್ತೊಂದು.

ಸಾಲಿನ ಮುಂದಿದ್ದ ತರುಣಿಯೂ ಎಡಗೈಯಿಂದ ಮುಂಗೈ ಹಿಡಿದೇ ನಗುತ್ತ ಹತ್ತಿರ ಬಂದಳು. "ಕ್ಷೇಮನಾ ಅಕ್ಕ?"

"ಕ್ಷೇಮ ಕಣೇ" ಎಂದು ನಾಲಿಯಾಕಾ ಮೆಲ್ಲನೆ ಹೇಳಿದಳು. "ಎಡಗೈ ಬಿಡು ನೋಡೋಣ."

ತರುಣಿಯ ನಗು ನಿಂತಿತು.