ನಕಾಶೆಯಲ್ಲಿಲ್ಲದ ತೂತು

ಗೋಡೆಯಲ್ಲಿ ತೂತಿರುವುದನ್ನು ಕಣ್ಣಾರೆ ಕಂಡವನೇ ಅದನ್ನು ಅಳಿಸಹೊರಟಿರುವಾಗ ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೀರಲ್ಲ, ನಿಮಗೆ ಬಾಯಿಲ್ಲವೆ?

ಅವನಿಗಂತೂ ಇರಲಿಲ್ಲ. ಮುಳುಗಿಹೋದ ಹಡಗೊಂದು ಮುಳುಗಿದ್ದು ಹೇಗೆಂದು ಲೆಕ್ಕ ಹಾಕಿ ತೋರಿಸುವುದು ಅವನ ಕೆಲಸ; ಕಂಪ್ಯೂಟರಿನ ಪರದೆಯ ಮೇಲೆ ಅದು ಬೆಳಗಿನಿಂದ ಎಷ್ಟನೆಯದೋ ಸಲ ಮುಳುಗುತ್ತಿತ್ತು. ಬಂಡೆ ಬಡಿದು ಎಂಜಿನ್ ಕೋಣೆಯ ತಳ ಸೀಳಿತು. ನೀರಿನ ನೀಲಿ ಏರಿತು. ಪಕ್ಕದ ಕೋಣೆಗಿದ್ದ ಉಕ್ಕಿನ ಬಾಗಿಲನ್ನು ಅವನು ಮುಚ್ಚಿಯೇ ಇಟ್ಟಿದ್ದ. ಆದರೂ ನೀಲಿ ದಾಟಿತು. ದಾಟಿದ್ದು ಬಾಗಿಲ ಮೇಲ್ಗಡೆಯ ಗೋಡೆಯಲ್ಲಿ ತಂತಿ ಎಳೆಯಲು ಯಾವ ಕಾಲದಲ್ಲೋ ಕೊರೆದು, ಚಿಂದಿ ತುರುಕಿ, ಮರೆತುಬಿಟ್ಟ ತೂತಿನಿಂದ. ಮುಳುಗುಗಾರರು ಸಮುದ್ರದ ತಳದಿಂದ ಅದರ ಫೋಟೊ ತಂದಿದ್ದರು. ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ ಪರದೆಯ ಹಡಗು ಮೆಲ್ಲಗೆ ಹೊರಳಿತು.

ಅವನಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೆಂಬುದು ಮಾತ್ರ ಗೊತ್ತಿತ್ತು.

ನಿಜವಾದ ಹಡಗಿನಲ್ಲಿ ಆ ಬಾಗಿಲ ಹೊಣೆ ಹೊತ್ತಿದ್ದವನು ಎಂಜಿನ್ ಕೋಣೆಯ ಕೆಲಸಗಾರ. ಅವನೂ ಸತ್ತ. ಬಾಗಿಲು ತೆರೆದಿಟ್ಟು ಎಲ್ಲರನ್ನೂ ಕೊಂದವನು ಅವನೇ ಎಂದರು, ಹಡಗಿನ ಮಾಲೀಕರು. ಸತ್ತವರ ಮನೆಯವರು ಅವನ ಹೆಸರಿಗೆ ಉಗಿದರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಇಲ್ಲಿ ಎಮ್ಮೆಯೂ ಸತ್ತುಹೋಗಿದೆ, ಬರೆ ನಿಂತಿಲ್ಲ. ಆ ಮಾತು ನಿಜವೋ ಸುಳ್ಳೋ ಎಂಬುದನ್ನು ನಾಳೆಯ ವಿಚಾರಣೆಯಲ್ಲಿ ಈ ಪರದೆ ತೋರಿಸಬೇಕಿತ್ತು.

ಕಚೇರಿಯ ಮುಖ್ಯಸ್ಥರು ಬಂದು ಅವನ ಕುರ್ಚಿಯ ಬೆನ್ನು ಹಿಡಿದು ನಿಂತರು.

"ನಕಾಶೆಯಲ್ಲಿಲ್ಲದ ತೂತು ನಿಮ್ಮ ಲೆಕ್ಕದಲ್ಲಿ ಎಲ್ಲಿಂದ ಬಂತ್ರೀ?"

"ಫೋಟೊದಲ್ಲಿದೆ ಸಾರ್."

"ಫೋಟೊದಲ್ಲಿ ಮೀನೂ ಇದೆ. ಅದನ್ನೂ ಸೇರಿಸ್ತೀರಾ?"

ಅವನು ನಕ್ಕ. ನಗಬಾರದಿತ್ತು.

"ಯೋಚನೆ ಮಾಡ್ತೀನಿ ಸಾರ್."

"ಯೋಚನೆ ಯಾಕೆ? ತೆಗೀರಿ, ಸಾಕು. ನಮಗೆ ದುಡ್ಡು ಕೊಡೋ ಮಾಲೀಕರು ಕಾಯ್ತಿದಾರೆ."

ಅವರು ಹೋದ ಮೇಲೆ ಹೆಂಡತಿಯ ಫೋನು ಬಂತು. "ಏನ್ರೀ, ಇವತ್ತಾದ್ರೂ ನಿಮ್ಮ ಹಡಗು ದಡ ಸೇರುತ್ತಾ?"

"ನೋಡೋಣ."

"ನೋಡೋಣ ಅನ್ನೋದು ಬಿಟ್ಟು ಬೇರೆ ಮಾತು ಆಡಿ ಎಷ್ಟು ದಿನ ಆಯ್ತು ಗೊತ್ತಾ?"

"ಇಡ್ತೀನಿ," ಎಂದ. ತೂತಿನ ಮೇಲೆ ಬೆರಳಿಟ್ಟು ಅಳಿಸಿದ. ಎಷ್ಟು ಸುಲಭ! ಗೋಡೆ ಪರಿಶುದ್ಧವಾಯಿತು.

ಈ ಸಲ ಹಡಗು ತುಸು ವಾಲಿ, ನಿಂತುಬಿಟ್ಟಿತು. ಬಾಗಿಲು ಮುಚ್ಚಿದ್ದರೆ ಹಡಗು ತೇಲುತ್ತಿತ್ತು. ನಿಜವಾದ ಹಡಗು ಮುಳುಗಿತಾದ್ದರಿಂದ ಆ ಕೆಲಸಗಾರ ಮುಚ್ಚಿರಲಿಲ್ಲ. ತರ್ಕ ಕನ್ನಡಿಯಷ್ಟು ನುಣುಪಾಗಿತ್ತು.

"ಹಡಗು ಓಡಿಸೋನು ನೀನೇನಪ್ಪಾ?"

ಬಾಗಿಲಲ್ಲಿ ಮುದುಕಿಯೊಬ್ಬಳು ನಿಂತಿದ್ದಳು.

"ಓಡಿಸಲ್ಲಮ್ಮ, ಮುಳುಗಿಸ್ತೀನಿ. ಯಾರು ಒಳಗೆ ಬಿಟ್ರು ನಿಮ್ಮನ್ನ?"

"ಬಿಡೋಕೆ ಯಾರಿದ್ರು? ತೆಗೆದೇ ಇತ್ತಲ್ಲ. ನಾನು ಆ ಎಂಜಿನ್ ರೂಮಿನವನ ತಾಯಿ." ಆಕೆ ಕೂರಲಿಲ್ಲ. "ನೀರು ಕುಡಿದು ಲೋಟ ಮುಚ್ಚಿಡದಿದ್ರೆ ನನಗೇ ಬಯ್ಯೋನು ಕಣಪ್ಪಾ ಅವನು. ಅಂಥೋನು ಬಾಗಿಲು ತೆಗೆದಿಟ್ಟನಂತೆ! ನಿನ್ನ ಮಿಷನ್ನು ಏನನ್ನುತ್ತೆ, ಅಷ್ಟು ಹೇಳು."

ಹೇಳುವ ಕಷ್ಟ ತಪ್ಪಿಸಿಕೊಳ್ಳಲು ಅವನು ಪರದೆಯನ್ನು ಆಕೆಯತ್ತ ತಿರುಗಿಸಿದ. ವಿದ್ಯಾವಂತರ ಹೇಡಿತನಕ್ಕೂ ಒಂದು ನಾಜೂಕಿರುತ್ತದೆ.

ಆಕೆ ಬಗ್ಗಿ ನೋಡಿದಳು.

"ಇದರಲ್ಲಿ ಬಾಗಿಲು?"

"ಮುಚ್ಚಿದೆ."

"ನೀರು ನಿಂತೋಯ್ತಲ್ಲಪ್ಪಾ! ಮುಳುಗಲೇ ಇಲ್ವಲ್ಲ!" ಸುಕ್ಕುಗಟ್ಟಿದ ಮುಖ ಅರಳಿತು. "ಹಾಗಾದ್ರೆ ಮುಚ್ಚಿದಾನೆ, ನನ್ನ ಮಗ. ನಾನು ಹೇಳಲಿಲ್ವಾ?"

"ಅಮ್ಮ, ಅದು ಹಾಗಲ್ಲ..."

"ನಾಳೆ ಎಲ್ಲರ ಮುಂದೆ ಇದನ್ನೇ ತೋರಿಸ್ತೀಯ ತಾನೆ?"

ತೂತನ್ನು ಮರಳಿ ತರುವ ಕೀಲಿ ಅವನ ಬೆರಳಿನಡಿಯಲ್ಲೇ ಇತ್ತು. ಬೆರಳು ಯಾರದೋ ಆಗಿತ್ತು.

"ಹೂಂ," ಎಂದ.

"ನಿನ್ನ ಹೊಟ್ಟೆ ತಣ್ಣಗಿರಲಿ."

ಆಕೆ ಗಾಜಿನ ಮೇಲೆ ಅಂಗೈಯಿಟ್ಟು ಹಡಗನ್ನು ಸವರತೊಡಗಿದಳು, ಜ್ವರ ಬಿಟ್ಟ ಮಗುವಿನ ಹಣೆಯನ್ನೆಂಬಂತೆ. ಒಳಗೆ ಒಬ್ಬ ಮನುಷ್ಯನನ್ನೂ ಬರೆಯದ ಆ ಹಡಗು ನೆಟ್ಟಗೆ, ನಿರ್ಮಲವಾಗಿ ತೇಲುತ್ತಲೇ ಇದೆ. ಅವನು ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಿದ್ದಾನೆ. ಒಳಗೆ ಬನ್ನಿ. ಆ ಕೈಯನ್ನು ಮೆಲ್ಲಗೆ ಬಿಡಿಸಿ, ಆಕೆ ಸವರುತ್ತಿರುವುದು ಏನನ್ನೆಂದು ನೀವೇ ಹೇಳಿ.